ನಾದಿನಿಯ ಮಗ ಮನೆಗೆ ಬಂದು ಹದಿನಾಲ್ಕು ತಿಂಗಳಾಯ್ತು, ಇನ್ನೂ ಚೀಲ ಬಿಚ್ಚಿಲ್ಲ

ಕೊಡಚಾದ್ರಿ_ತಪ್ಪಲು ಬರೆದದ್ದು:

ನಮಸ್ಕಾರ. ಬರೆಯಲೋ ಬೇಡವೋ ಅಂತ ಒಂದು ವಾರ ತೂಗಾಡಿದೆ. ಊರಲ್ಲಿ ಯಾರನ್ನಾದರೂ ಕೇಳಿದರೆ ಮರುದಿನ ಸೊಸೈಟಿ ಕಟ್ಟೆ ಮೇಲೆ ಅದೇ ಮಾತು. ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಹೊಸನಗರ ತಾಲ್ಲೂಕು, ಊರ ಹೆಸರು ಬೇಡ.

ನಮ್ಮದು ಎರಡು ಎಕರೆ ಚಿಲ್ಲರೆ ಅಡಿಕೆ ತೋಟ. ಮನೆಯಲ್ಲಿ ನಾನು, ಯಜಮಾನರು, ಅತ್ತೆ, ಐದನೇ ಕ್ಲಾಸಿನ ಮಗಳು. ನನ್ನ ನಾದಿನಿಯನ್ನು ಚಿಕ್ಕಮಗಳೂರು ಜಿಲ್ಲೆಯ ಘಟ್ಟದಂಚಿನ ಒಂದು ಊರಿಗೆ ಕೊಟ್ಟಿತ್ತು. ಎರಡು ವರ್ಷದ ಹಿಂದೆ ಜುಲೈ ಮಳೆಯಲ್ಲಿ ಮನೆ ಹಿಂದಿನ ಗುಡ್ಡ ಜರಿದು ಅವಳೂ ಅವಳ ಗಂಡನೂ ಹೋಗಿಬಿಟ್ಟರು. ಮಗ ಆ ರಾತ್ರಿ ಪೇಟೆಯಲ್ಲಿ ಸ್ನೇಹಿತನ ಮನೆಯಲ್ಲಿದ್ದ, ಮಾರನೇ ದಿನ ಕಬಡ್ಡಿ ಪಂದ್ಯ ಇತ್ತಂತೆ. ಅದಕ್ಕೇ ಉಳಿದ. ಮೊದಲು ಹತ್ತು ತಿಂಗಳು ಅವನ ಚಿಕ್ಕಪ್ಪನ ಮನೆಯಲ್ಲಿದ್ದ, ಅಲ್ಲಿ ಹೊಂದಲಿಲ್ಲ. ಹೋದ ವರ್ಷ ಮೇ ತಿಂಗಳಲ್ಲಿ ಇವರು ಹೋಗಿ ಕರೆದುಕೊಂಡು ಬಂದರು. ಈಗ ಹದಿನೈದು ತುಂಬಿದೆ, ಹತ್ತನೇ ಕ್ಲಾಸು.

ಬರುವಾಗ ಒಂದು ಕಪ್ಪು ಚೀಲ ತಂದಿದ್ದ. ಜಗಲಿ ಪಕ್ಕದ ಕೋಣೆ ಖಾಲಿ ಮಾಡಿ, ಗೋಡೆ ಕಪಾಟಿಗೆ ಹೊಸ ಪೇಪರ್ ಹಾಸಿ ಕೊಟ್ಟೆ. ಆ ಪೇಪರ್ ಇವತ್ತಿಗೂ ಹೊಸದಾಗಿಯೇ ಇದೆ. ಬಟ್ಟೆ ಚೀಲದಿಂದ ತೆಗೆಯುತ್ತಾನೆ, ತಾನೇ ಒಗೆಯುತ್ತಾನೆ, ಬಚ್ಚಲ ಒಲೆ ಮೇಲೆ ಒಣಗಿಸುತ್ತಾನೆ, ಮತ್ತೆ ಚೀಲಕ್ಕೇ ಹಾಕಿ ಜಿಪ್ ಎಳೆದು ತಲೆದಿಂಬಿನ ಪಕ್ಕ ಇಟ್ಟುಕೊಳ್ಳುತ್ತಾನೆ. ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ, ನಾವೇನು ಬಸ್‌ಸ್ಟ್ಯಾಂಡಾ ಅಂತ.

ಮಾತಿಲ್ಲ. ಊಟಕ್ಕೆ ಕರೆದರೆ ಬರುತ್ತಾನೆ, ತಟ್ಟೆ ತೊಳೆದಿಟ್ಟು ಹೋಗುತ್ತಾನೆ. ಇವರನ್ನು ಮಾವ ಅಂತಾನೆ, ನನ್ನನ್ನು ಅತ್ತೆ ಅಂತ ಕರೆದದ್ದು ಕೈಬೆರಳಲ್ಲಿ ಎಣಿಸಬಹುದು. ಶಾಲೆಯಿಂದ ಮೂರು ಸಲ ಕರೆ ಬಂತು, ಕ್ಲಾಸಲ್ಲಿ ಬೆಂಚಿನ ಮೇಲೆ ತಲೆಯಿಟ್ಟು ಮಲಗುತ್ತಾನಂತೆ, ಎಬ್ಬಿಸಿದರೆ ಹುಡುಗರ ಮೇಲೆ ಕೈ ಮಾಡುತ್ತಾನಂತೆ. ರಾತ್ರಿ ಮೊಬೈಲ್ ನೋಡುತ್ತಾನೆ ಅಂದುಕೊಂಡು ಮೊಬೈಲ್ ತೆಗೆದಿಟ್ಟೆ. ಏನೂ ಬದಲಾಗಲಿಲ್ಲ. ಒಂದು ದಿನ ರಾತ್ರಿ ಎರಡು ಗಂಟೆಗೆ ಎದ್ದರೆ ಹಿಂದಿನ ಬಾಗಿಲು ತೆಗೆದಿದೆ, ಇವನು ಕಂಬಳಿಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ನೆನೆದು ಒಳಗೆ ಬರುತ್ತಿದ್ದಾನೆ. ಎಲ್ಲಿಗೆ ಹೋಗಿದ್ದೆ ಅಂದರೆ ಉತ್ತರ ಇಲ್ಲ. ಬೀಡಿ ಇರಬಹುದು ಅಂತ ಮರುದಿನ ಜೇಬು ನೋಡಿದೆ. ಟಾರ್ಚು, ಒಂದಿಷ್ಟು ನೀಲಿ ನೈಲಾನ್ ದಾರ. ಅಷ್ಟೇ.

ಹೋದ ವಾರ ಪುನರ್ವಸು ಮಳೆ ಹಿಡಿದಿತ್ತಲ್ಲ, ಆಗ ಇವರು ಕೊಟ್ಟಿಗೆ ಹಿಂದಿನ ಧರೆ, ಅಂದರೆ ಎತ್ತರದ ಮಣ್ಣಿನ ದಿಬ್ಬ, ಹತ್ತಿ ಸೊಪ್ಪು ಕಡಿಯಲು ಹೋದರೆ ಅಲ್ಲಿ ಪೊದೆಯ ನಡುವೆ ಆರೇಳು ಬಿದಿರಿನ ಗೂಟ, ಅದಕ್ಕೆ ಅದೇ ನೀಲಿ ದಾರ. ಕಾಡುಕೋಳಿಗೋ ಮೊಲಕ್ಕೋ ಉರುಳು ಇಟ್ಟಿದ್ದಾನೆ ಅಂತ ಇವರಿಗೆ ತಲೆ ಕೆಟ್ಟುಹೋಯಿತು. ಫಾರೆಸ್ಟಿನವರು ಕಂಡರೆ ನಮ್ಮ ಗತಿ? ಎಲ್ಲ ಕಿತ್ತು ತಂದು ಬಿಸಾಡಿದರು. ಸಂಜೆ ಅವನಿಗೆ ಗೊತ್ತಾಯಿತು. ಹದಿನಾಲ್ಕು ತಿಂಗಳಲ್ಲಿ ಅವನ ದನಿ ಅಷ್ಟು ಜೋರಾಗಿ ಕೇಳಿದ್ದು ಅವತ್ತೇ. ಕಡುಬಿನ ತಟ್ಟೆ ಗೋಡೆಗೆ ಎಸೆದು, "ನೀವೂ ಸಾಯ್ತೀರಿ, ಎಲ್ಲರೂ ಸಾಯ್ತೀರಿ" ಅಂತ ಕಿರುಚಿ ಕೋಣೆ ಬಾಗಿಲು ಹಾಕಿಕೊಂಡ. ಮಗಳು ಹೆದರಿ ಅತ್ತುಬಿಟ್ಟಳು. ನಮ್ಮ ಅತ್ತೆ ಅವನಿಗೆ ಸ್ವಂತ ಅಜ್ಜಿ, ಅವರೂ "ಉಂಡ ಮನೆಗೆ ಶಾಪ ಹಾಕ್ತಾನಲ್ಲ" ಅಂದರು. ಅವರ ಕಥೆ ಬೇರೆ. ಅವನ ಹಣೆ, ಹುಬ್ಬು ಎಲ್ಲ ನಾದಿನಿಯದೇ. ಅತ್ತೆ ಅವನ ಮುಖ ನೋಡಿ ಮಾತಾಡುವುದೇ ಇಲ್ಲ, ನೋಡಿದರೆ ಅಳು ಬರುತ್ತದೆ.

ಈಗ ನನ್ನ ಪ್ರಶ್ನೆ. ನೆಂಟರೆಲ್ಲ ಹಾಸ್ಟೆಲಿಗೆ ಹಾಕಿ ಅನ್ನುತ್ತಿದ್ದಾರೆ, ಹಾಕಬಹುದಾ? ಎರಡನೇದು, ಅವನ ಚಿಕ್ಕಪ್ಪ ಉಳಿದ ಮುಕ್ಕಾಲು ಎಕರೆ ಕಾಫಿ ಜಾಗ ಮಾರೋಣ ಅಂತ ಫೋನ್ ಮಾಡುತ್ತಿದ್ದಾರೆ, ಪರಿಹಾರದ ಹಣವೂ ಹುಡುಗನ ಹೆಸರಲ್ಲಿ ಬ್ಯಾಂಕಿನಲ್ಲಿದೆ. ದತ್ತು ತೆಗೆದುಕೊಂಡರೆ ಇದೆಲ್ಲ ಸರಿಹೋಗುತ್ತದಾ?

ನಿಜ ಹೇಳುತ್ತೇನೆ, ಒಂದೊಂದು ದಿನ ಕರೆದುಕೊಂಡೇ ಬರಬಾರದಿತ್ತು ಅನ್ನಿಸುತ್ತದೆ. ಬೈಯಬೇಡಿ.

ಖಡಕ್_ಗುರು:

ಸಲಿಗೆ ಜಾಸ್ತಿ ಆಯ್ತು ಅಷ್ಟೇ. ತಟ್ಟೆ ಎಸೆದ ದಿನವೇ ಎರಡು ಬಿಟ್ಟಿದ್ದರೆ ಸರಿಹೋಗುತ್ತಿದ್ದ. ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಹಾಸ್ಟೆಲಿಗೆ ಹಾಕಿ, ಶಿಸ್ತು ಬರುತ್ತದೆ.

ತುಂಗೆಯ_ಈಚೆ:

ಅಕ್ಕ, ಅದು ಉರುಳಲ್ಲ.

ಗುಡ್ಡ ಬಿರುಕು ಬಿಟ್ಟಿದ್ದರೆ ಆ ಬಿರುಕಿನ ಈಚೆ ಒಂದು ಗೂಟ, ಆಚೆ ಒಂದು ಗೂಟ, ನಡುವೆ ದಾರ ಬಿಗಿದು ಕಟ್ಟುತ್ತಾರೆ. ಗುಡ್ಡ ಜರುಗಿದರೆ ದಾರ ಕಡಿಯುತ್ತದೆ, ಇಲ್ಲಾ ಗೂಟ ವಾಲುತ್ತದೆ. ದಾರಕ್ಕಿಂತ ಅಳತೆ ಮಾಡುವುದು ಒಳ್ಳೆಯದು, ಎರಡು ಗೂಟದ ನಡುವೆ ಇವತ್ತು ಎಷ್ಟು, ನಾಳೆ ಎಷ್ಟು ಅಂತ. ನಿಮ್ಮ ಹುಡುಗ ಮಳೆ ರಾತ್ರಿ ಟಾರ್ಚ್ ಹಿಡಿದು ಅದನ್ನೇ ನೋಡಲು ಹೋಗುತ್ತಿದ್ದಾನೆ. ಅದಕ್ಕೇ ಕ್ಲಾಸಲ್ಲಿ ನಿದ್ದೆ. ಗೂಟ ಕಿತ್ತ ದಿನ ಅವನು ಏನಂದ ಅಂತ ನೀವೇ ಬರೆದಿದ್ದೀರಲ್ಲ, ಅದನ್ನು ಈಗ ಇನ್ನೊಂದು ಸಲ ಓದಿ ನೋಡಿ.

ನನಗೆ ಹೇಗೆ ಗೊತ್ತು ಅಂದರೆ, 2019ರ ಆಗಸ್ಟ್ ಮಳೆಯಲ್ಲಿ ನಮ್ಮ ಮನೆಯೂ ಹೋಯಿತು. ಅಪ್ಪನೂ. ಆಗ ನನಗೆ ಹದಿನಾಲ್ಕು. ಆ ವಾರ ಏನೇನಾಯಿತು ಅಂತ ಇವತ್ತಿಗೂ ಸಾಲಾಗಿ ಹೇಳಬಲ್ಲೆ. ಮೊದಲು ಮನೆ ಹಿಂದಿನ ಒರತೆ ನೀರು ಕೆಂಪಗಾಯಿತು. ಮೇಲಿನ ಹಲಸಿನ ಮರ ಸ್ವಲ್ಪ ಮುಂದಕ್ಕೆ ಬಾಗಿದ ಹಾಗೆ ಕಂಡಿತು. ಆಮೇಲೆ ಅಡುಗೆಮನೆ ಬಾಗಿಲು ಚೌಕಟ್ಟಿನಲ್ಲಿ ಕೂರದೆ ಹೋಯಿತು. ಮಳೆಗೆ ಮರ ಉಬ್ಬಿದೆ ಅಂತ ಅಪ್ಪ ಕೆಳಗಿನ ಅಂಚನ್ನು ಉಳಿಯಿಂದ ಕೆತ್ತಿ ಸರಿ ಮಾಡಿದರು. ಅವತ್ತು ಅದು ಉಬ್ಬಿದ್ದಲ್ಲ, ಮನೆಯ ಅಡಿಯೇ ಜರುಗುತ್ತಿತ್ತು. ಇದೆಲ್ಲ ಗುಡ್ಡ ಕೊಡುವ ಸೂಚನೆ ಅಂತ ನನಗೆ ಗೊತ್ತಾದದ್ದು ಆಮೇಲೆ. ಗೊತ್ತಾದ ಮೇಲೆ ಮಲಗುವುದು ಹೇಗೆ ಹೇಳಿ.

ನನ್ನನ್ನು ದೊಡ್ಡಮ್ಮ ಶಿವಮೊಗ್ಗಕ್ಕೆ ಕರೆತಂದರು. ಪೇಟೆ ಮನೆ, ಸುತ್ತ ಒಂದು ದಿಬ್ಬವೂ ಇಲ್ಲ. ಆದರೂ ನಾನು ದಿನಾ ರಾತ್ರಿ ಎದ್ದು ಮನೆಯ ಎಲ್ಲ ಬಾಗಿಲು ತೆಗೆದು ಹಾಕಿ ನೋಡುತ್ತಿದ್ದೆ, ಸರಿಯಾಗಿ ಕೂರುತ್ತದಾ ಅಂತ. ದೊಡ್ಡಪ್ಪ ಇವನು ಓಡಿಹೋಗಲು ನೋಡುತ್ತಿದ್ದಾನೆ ಅಂದುಕೊಂಡು ಬೀಗ ಹಾಕತೊಡಗಿದರು. ಬೀಗ ಹಾಕಿದ ಮೇಲೆ ನನಗೆ ಇನ್ನೂ ಜಾಸ್ತಿಯಾಯಿತು, ಏನಾದರೂ ಆದರೆ ಹೊರಗೆ ಹೋಗುವುದು ಹೇಗೆ ಅಂತ. ಬಾಯಿಬಿಟ್ಟು ಹೇಳಲು ನಾಚಿಕೆ. ಎಷ್ಟೋ ತಿಂಗಳಾದ ಮೇಲೆ ಒಂದು ರಾತ್ರಿ ದೊಡ್ಡಮ್ಮ ಎದ್ದು ಬಂದರು. ಏನೂ ಕೇಳಲಿಲ್ಲ. ನಾನು ಒಂದು ಬಾಗಿಲು ನೋಡಿದರೆ ಅವರು ಮುಂದಿನದು ನೋಡಿದರು. ಆಮೇಲೆ ದಿನಾ ಹತ್ತು ಗಂಟೆಗೆ ಇಬ್ಬರೂ ಸೇರಿ ಐದು ಬಾಗಿಲು ನೋಡಿ ಮಲಗುವುದು ಅಂತಾಯಿತು. ಬೀಗದ ಕೈ ನನ್ನ ದಿಂಬಿನ ಅಡಿಗೆ ಬಂತು.

ಈಗ ಮುಖ್ಯ ವಿಷಯ. ನಾಳೆ ಬೆಳಿಗ್ಗೆ ನಿಮ್ಮ ಯಜಮಾನರಿಗೆ ಆ ಧರೆ ಸರಿಯಾಗಿ ನೋಡಲು ಹೇಳಿ. ಹುಡುಗ ಸುಮ್ನೆ ಹೆದರಿ ಗೂಟ ನೆಟ್ಟಿರಬಹುದು, ಅಥವಾ ಅಲ್ಲಿ ನಿಜವಾಗಿ ಬಿರುಕು ಇರಬಹುದು. ಕೊಟ್ಟಿಗೆಗೆ ಜಾಗ ಮಾಡಲು ಜೇಸಿಬಿಯಲ್ಲಿ ಧರೆ ನೇರ ಕಡಿಸಿದ್ದೀರಾ? ನಮ್ಮ ಕಡೆ ಮೇಲೆ ಕೆಂಪು ಮಣ್ಣು, ಅಡಿಯಲ್ಲಿ ಶೇಡಿ ಅನ್ನುವ ನುಣುಪು ಜೇಡಿಯಂಥ ಮಣ್ಣು. ಬಿರುಕಿನಲ್ಲಿ ನೀರು ಇಳಿದು ಶೇಡಿ ನೆನೆದರೆ ಸೋಪಿನ ಹಾಗೆ ಜಾರುತ್ತದೆ. ಬಿರುಕು ಇದ್ದರೆ ಜೇಡಿಮಣ್ಣು ತುಂಬಿ ಮೇಲೆ ಟಾರ್ಪಾಲು ಹೊದಿಸಿ, ಮೇಲಿಂದ ಬರುವ ನೀರು ಪಕ್ಕಕ್ಕೆ ಹೋಗುವ ಹಾಗೆ ಅಗಳು ತೆಗೆಯಿರಿ, ಪಂಚಾಯಿತಿಗೂ ತಹಶೀಲ್ದಾರ್ ಕಚೇರಿಗೂ ಬರೆದು ಕೊಡಿ. ಜೋರು ಮಳೆ ರಾತ್ರಿ ಆ ಬದಿಯಲ್ಲಿ ಯಾರೂ ಮಲಗಬೇಡಿ. ಜಿಲ್ಲೆಯ ತುರ್ತು ನಂಬರ್ 1077.

ಖಡಕ್ ಗುರುಗಳೇ, ನಿಮ್ಮ ಕಾಲದಲ್ಲಿ ಇದೆಲ್ಲ ಇತ್ತು. ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಕೊಡಚಾದ್ರಿ_ತಪ್ಪಲು:

ಓದಿದೆ. ಇವರಿಗೂ ಗಟ್ಟಿಯಾಗಿ ಓದಿ ಹೇಳಿದೆ. ಇವರು ಏನೂ ಮಾತಾಡದೆ ಎದ್ದು ಹೋಗಿ ಬಚ್ಚಲ ಒಲೆ ಮುಂದೆ ಕೂತರು. ಆ ಗೂಟಗಳನ್ನು ಅದೇ ಒಲೆಗೆ ಹಾಕಿದ್ದು.

ಧರೆ ಕಡಿಸಿದ್ದು ಹೌದು ತಮ್ಮ, ನಾಲ್ಕು ವರ್ಷ ಆಯಿತು. ನೇರವಾಗಿಯೇ ಕಡಿಸಿದ್ದು.

ಕರಿಕೋಟು:

ನಾನು ವಕೀಲ, ಶಿವಮೊಗ್ಗದಲ್ಲೇ. ಹುಡುಗನ ಮನಸ್ಸಿನ ವಿಷಯಕ್ಕೆ ಮೇಲಿನವರು ಹೇಳಿದ್ದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ, ಕಾಗದದ ವಿಷಯ ಮಾತ್ರ ಹೇಳುತ್ತೇನೆ.

ಚಿಕ್ಕಪ್ಪ ಆ ಜಾಗ ಮಾರಲು ಬರುವುದಿಲ್ಲ. ನೀವೂ ಮಾರಲು ಬರುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಇಲ್ಲದ ಹುಡುಗನ ಆಸ್ತಿಯನ್ನು, ನಾನು ಸಾಕುತ್ತಿದ್ದೇನೆ ಅನ್ನುವ ಕಾರಣಕ್ಕೆ ಯಾರೂ ಮಾರುವ ಹಾಗಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಪ್ರಕಾರ ಜಿಲ್ಲಾ ನ್ಯಾಯಾಲಯ ಪೋಷಕರನ್ನು ನೇಮಿಸಬೇಕು, ಹುಡುಗ ಈಗ ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ಇಲ್ಲೇ, ಅರ್ಜಿ ಹಾಕಬಹುದು. ಹಾಗೆ ನೇಮಕವಾದ ಪೋಷಕರು ಕೂಡ ನ್ಯಾಯಾಲಯದ ಅನುಮತಿ ಇಲ್ಲದೆ ಜಾಗ ಮಾರುವ ಹಾಗಿಲ್ಲ, ಅಡವಿಡುವ ಹಾಗಿಲ್ಲ. ಚಿಕ್ಕಪ್ಪನಿಗೆ ಇಷ್ಟು ಹೇಳಿ, ಫೋನು ತಾನಾಗಿ ಕಡಿಮೆಯಾಗುತ್ತದೆ. ಪಹಣಿಯಲ್ಲಿ ಇನ್ನೂ ತೀರಿಹೋದವರ ಹೆಸರೇ ಇದ್ದರೆ ಪೌತಿ ಖಾತೆಗೆ ಅರ್ಜಿ ಕೊಟ್ಟು ಹುಡುಗನ ಹೆಸರು ಹತ್ತಿಸಿ, ಇದನ್ನು ಮುಂದೂಡಬೇಡಿ. ಬ್ಯಾಂಕಿನ ಹಣ ಇದ್ದಲ್ಲೇ ಇರಲಿ. ಅದರಿಂದ ಒಂದು ರೂಪಾಯಿ ತೆಗೆದರೂ ನಾಳೆ ನಿಮ್ಮ ಮೇಲೆ ಮಾತು ಬರುತ್ತದೆ.

ದತ್ತು ವಿಷಯ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಹದಿನೈದು ತುಂಬಿದವರನ್ನು ದತ್ತು ತೆಗೆದುಕೊಳ್ಳಲು ಬರುವುದಿಲ್ಲ, ಅಂಥ ರೂಢಿ ಇರುವ ಜನಾಂಗ ಆಗಿದ್ದರೆ ಬೇರೆ. ನಿಮ್ಮ ಹುಡುಗನಿಗೆ ಆ ದಾರಿ ಮುಚ್ಚಿದ ಹಾಗೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಸಂಬಂಧಿಕರ ದತ್ತು ಅಂತ ಇದೆ, ಹದಿನೆಂಟರವರೆಗೆ ಆಗುತ್ತದೆ, ಸೋದರಮಾವ ಆ ಪಟ್ಟಿಯಲ್ಲಿ ಬರುತ್ತಾರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಆನ್‌ಲೈನ್ ನೋಂದಣಿ, ಮಕ್ಕಳ ಕಲ್ಯಾಣ ಸಮಿತಿ ಎದುರು ಹಾಜರಿ. 2022ರ ಸೆಪ್ಟೆಂಬರ್‌ನಿಂದ ಆದೇಶ ಕೊಡುವುದು ಕೋರ್ಟ್ ಅಲ್ಲ, ಜಿಲ್ಲಾಧಿಕಾರಿ. ಹುಡುಗನ ಒಪ್ಪಿಗೆ ಬೇಕೇ ಬೇಕು.

ಆದರೆ ನನ್ನನ್ನು ಕೇಳಿದರೆ ಈಗ ದತ್ತು ಬೇಡ. ದತ್ತು ಅಂದರೆ ಕಾಗದದಲ್ಲಿ ಅಪ್ಪ ಅಮ್ಮನ ಹೆಸರೇ ಬದಲಾಗುತ್ತದೆ. ಎರಡು ವರ್ಷದ ಹಿಂದೆ ಅವರನ್ನು ಕಳೆದುಕೊಂಡ ಹುಡುಗನ ಮುಂದೆ ಆ ಅರ್ಜಿ ಇಟ್ಟು ಸಹಿ ಮಾಡು ಅಂದರೆ ಏನನ್ನಿಸಬಹುದು ಯೋಚಿಸಿ. ಪೋಷಕತ್ವ ಸಾಕು. ಅದಕ್ಕೂ ಅವನನ್ನು ಕೂರಿಸಿಕೊಂಡು ಕೇಳಿಯೇ ಅರ್ಜಿ ಹಾಕಿ, ಈ ವಯಸ್ಸಿನ ಮಕ್ಕಳಿಗೆ ಯಾರ ಜೊತೆ ಇರಲು ಇಷ್ಟ ಅಂತ ನ್ಯಾಯಾಧೀಶರೂ ಕೇಳುತ್ತಾರೆ.

ಇನ್ನೊಂದು, ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ನೆಂಟರ ಮನೆಯಲ್ಲಿ ಬೆಳೆಯುವ ಅನಾಥ ಮಕ್ಕಳಿಗೆ ತಿಂಗಳಿಗೆ 4000 ರೂಪಾಯಿ ಪ್ರಾಯೋಜಕತ್ವ ಇದೆ. ಹಳ್ಳಿಯಲ್ಲಾದರೆ ವರ್ಷದ ಆದಾಯ 72,000 ದಾಟಬಾರದು ಅಂತ ಮಿತಿ. ತೋಟದವರಿಗೆ ಸಿಗುವುದು ಕಷ್ಟ, ಆದರೂ ರಕ್ಷಣಾ ಘಟಕಕ್ಕೆ ಹೇಗೂ ಹೋಗುತ್ತೀರಲ್ಲ, ಕೇಳಿ ನೋಡಿ.

ಚಾಕ್‌ಪೀಸ್_ಮೇಷ್ಟ್ರು:

ಸಾಗರದ ಕಡೆ ಹೈಸ್ಕೂಲಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಕ್ಲಾಸಲ್ಲಿ ಮಲಗುವ ಹುಡುಗನಿಗೆ ನಾನೂ ಚಾಕ್‌ಪೀಸ್ ಎಸೆದಿದ್ದೇನೆ, ಹೆಸರು ಹಾಗೇ ಬಂದದ್ದು. ಈ ಪೋಸ್ಟ್ ಓದಿ ಎಷ್ಟು ಜನರಿಗೆ ಎಸೆದೆನೋ ಅಂತ ಲೆಕ್ಕ ಹಾಕುತ್ತಿದ್ದೇನೆ.

ಅಕ್ಕ, ಶಾಲೆಗೆ ಹೋಗಿ ಕ್ಲಾಸ್ ಟೀಚರಿಗೆ ಇಷ್ಟನ್ನೂ ಹೇಳಿ. ಟಿ.ಸಿ.ಯಲ್ಲಿ ಗುಡ್ಡ ಕುಸಿತ ಅಂತ ಬರೆದಿರುವುದಿಲ್ಲ, ಅವರಿಗೆ ಗೊತ್ತೇ ಇಲ್ಲದಿರಬಹುದು. ಬೆಂಚಿನ ಮೇಲೆ ಮಲಗಿದವನನ್ನು ಬೆನ್ನು ತಟ್ಟಿ ಎಬ್ಬಿಸಬೇಡಿ, ಹೆಸರು ಹಿಡಿದು ಕರೆಯಿರಿ ಅನ್ನಿ. ಬೆಚ್ಚಿ ಎದ್ದವನ ಕೈ ತಾನಾಗಿ ಬೀಸುತ್ತದೆ. ಎಸ್ಸೆಸ್ಸೆಲ್ಸಿ ಚಿಂತೆ ಬಿಡಿ, ಹೋದರೆ ಅದೇ ವರ್ಷ ಇನ್ನೊಮ್ಮೆ ಬರೆಯಬಹುದು.

ನಿದ್ದೆ ಇಲ್ಲದೆ ಎರಡು ವರ್ಷ ಅಂದರೆ ಡಾಕ್ಟರಿಗೆ ತೋರಿಸಲೇಬೇಕು. ಹುಚ್ಚು ಗಿಚ್ಚು ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಟೆಲಿ ಮಾನಸ್ ಅಂತ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಇದೆ, 14416, ಹಗಲು ರಾತ್ರಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲು ನೀವೇ ಮಾಡಿ, ಅವನ ಕೈಗೆ ಫೋನ್ ಕೊಟ್ಟು ಮಾತಾಡು ಅಂದರೆ ಆಡುವುದಿಲ್ಲ. ತಾಲ್ಲೂಕು ಆಸ್ಪತ್ರೆಗೆ ಮನೋಚೈತನ್ಯ ಅಂತ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ಹೋಗುವ ಮೊದಲು ವಿಚಾರಿಸಿ. ಇಲ್ಲದಿದ್ದರೆ ಶಿವಮೊಗ್ಗ ಮೆಗ್ಗಾನ್ ಆಸ್ಪತ್ರೆ.

ಹಾಸ್ಟೆಲ್ ಬೇಡ. ಈಗ ಬೇಡ. ಒಂದು ಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕಳಿಸಿದರೆ ಅವನು ಚೀಲ ಬಿಚ್ಚದೆ ಇಟ್ಟದ್ದೇ ಸರಿ ಅಂತ ಆಗುತ್ತದೆ, ಅಲ್ವಾ?

ಸಾಗರದ_ಮೊಮ್ಮಗಳು:

ನಮ್ಮಜ್ಜನಿಗೆ ಇದನ್ನು ಓದಿ ಹೇಳಿದೆ. ಅವರು ಹೇಳಿದ್ದನ್ನು ಟೈಪ್ ಮಾಡುತ್ತಿದ್ದೇನೆ. ಅಜ್ಜ ಮುಳುಗಡೆಯವರು, ಅಂದರೆ ಶರಾವತಿಯ ಲಿಂಗನಮಕ್ಕಿ ಡ್ಯಾಮಿನ ನೀರಲ್ಲಿ ಊರು ಕಳೆದುಕೊಂಡವರು. 1964ರಲ್ಲಿ ಡ್ಯಾಮ್ ಮುಗಿಯುವ ಹೊತ್ತಿಗೆ ಅವರಿಗೆ ಹನ್ನೆರಡೋ ಹದಿಮೂರೋ.

"ನಮ್ಮನ್ನ ಲಾರಿಲಿ ತುಂಬಿ ಕಾಡಲ್ಲಿ ಇಳಿಸಿ ಹೋದ್ರು. ಆ ಮಳೆಗಾಲದಲ್ಲೇ ಅವ್ವ ಜ್ವರ ಬಂದು ಹೋದಳು. ಅಪ್ಪ ಕೂಲಿ ಹುಡುಕಿಕೊಂಡು ಹೋಗೋವಾಗ ನನ್ನ ಒಬ್ಬ ಗೌಡರ ಮನೇಲಿ ಬಿಟ್ಟ. ನೆಂಟರಲ್ಲ, ಏನಲ್ಲ. ನಾನು ಒಳಗೆ ಮಲಗಲಿಲ್ಲ. ಕೊಟ್ಟಿಗೆ ಅಟ್ಟದ ಮೇಲೆ ಹುಲ್ಲಲ್ಲಿ ಮಲಗೋದು. ಒಳಗೆ ಬಾ ಅಂತ ಮನೆಯವರೆಲ್ಲ ಕರೆದು ಸಾಕಾದ್ರು. ಒಂದಿನ ರಾತ್ರಿ ಗೌಡರು ತಮ್ಮ ಚಾಪೆ ಕಂಬಳಿ ಹೊತ್ತುಕೊಂಡು ಏಣಿ ಹತ್ತಿ ಬಂದ್ರು. ಏನ್ರೀ ಅಂದೆ. ಒಳಗೆ ತಿಗಣೆ ಕಾಟ ಮಾರಾಯ, ಇಲ್ಲೇ ವಾಸಿ ಅಂತ ನನ್ನ ಪಕ್ಕದಲ್ಲಿ ಮಲಗಿ ಗೊರಕೆ ಹೊಡೆದ್ರು. ಒಂದು ತಿಂಗಳು ಹಾಗೇ ಮಾಡಿದ್ರು. ಆಮೇಲೆ ಅವರಿಗೆ ಸೊಂಟ ಹಿಡೀತು. ಅವರ ಸೊಂಟ ನೋಡಿ ಪಾಪ ಅನ್ನಿಸಿ ನಾನೇ ಒಳಗೆ ಹೋದೆ."

ಇಷ್ಟು ಹೇಳಿ ಅಜ್ಜ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಇನ್ನೊಂದು ಹೇಳಿದರು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಒಣಗಿದ ಮರದ ಬೊಡ್ಡೆಗಳು ಮೇಲೆ ಕಾಣುತ್ತವಲ್ಲ, ನಮ್ಮಜ್ಜ ವರ್ಷಾ ವರ್ಷಾ ಅಲ್ಲಿಗೆ ಹೋಗುತ್ತಾರೆ. ನಾವು ಚಿಕ್ಕವರಿದ್ದಾಗ ಪಿಕ್‌ನಿಕ್ ಅಂದುಕೊಂಡಿದ್ದೆವು. "ಆ ಹುಡುಗನ್ನ ಅವನ ಊರಿಗೆ ಒಂದ್ಸಲ ಕರ್ಕೊಂಡು ಹೋಗಿದ್ದಾರಾ ಕೇಳು" ಅಂದರು. ಕೇಳುತ್ತಿದ್ದೇನೆ.

ಕೊಡಚಾದ್ರಿ_ತಪ್ಪಲು:

ಐದು ವಾರ ಆಯಿತು, ಉತ್ತರ ಕೊಡದೆ ಇದ್ದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಆದದ್ದು ಆದ ಹಾಗೆ ಬರೆಯುತ್ತೇನೆ.

ಮರುದಿನವೇ ಇವರು ಧರೆ ಹತ್ತಿ ನೋಡಿದರು. ಗೂಟ ಇದ್ದ ಜಾಗದಲ್ಲಿ ಪೊದೆ ಸರಿಸಿದರೆ ಹದಿನೈದು ಅಡಿ ಉದ್ದಕ್ಕೆ ಬಿರುಕು, ಹೆಬ್ಬೆರಳು ಹೋಗುವಷ್ಟು ಅಗಲ. ಇವರು ಇಳಿದು ಬಂದಾಗ ಮುಖ ಬೂದಿಯಾಗಿತ್ತು. ಆ ಧರೆ ಅಡಿಯಲ್ಲಿ ನಾಲ್ಕು ಜಾನುವಾರು, ಅದರಾಚೆ ಗೋಡೆಗೆ ತಾಗಿ ಮಗಳ ಹಾಸಿಗೆ.

ಜಾನುವಾರು ಪಕ್ಕದ ಮನೆ ಕೊಟ್ಟಿಗೆಗೆ ಹೋದವು. ಪಂಚಾಯಿತಿಗೆ ಬರೆದು ಕೊಟ್ಟೆವು, ಬಂದು ಫೋಟೋ ತೆಗೆದುಕೊಂಡು ಹೋದರು. ಅಗಳು ತೆಗೆಸಿದೆವು, ಟಾರ್ಪಾಲು ಹಾಕಿದೆವು. ಮಳೆ ಜೋರಾದ ರಾತ್ರಿ ಎಲ್ಲರೂ ಪಕ್ಕದ ಮನೆ ಜಗಲಿಯಲ್ಲೇ.

ಆದರೆ ಹುಡುಗನಿಗೆ ಏನಂತ ಹೇಳುವುದು? ಇವರಿಗೆ ತಪ್ಪಾಯ್ತು ಅನ್ನುವ ಮಾತು ಹುಟ್ಟಿನಿಂದ ಬಂದಿಲ್ಲ. ಬಿದಿರು ಕಡಿದು ತಂದು ಜಗಲಿಯಲ್ಲಿ ಕೂತು ಕತ್ತಿಯಲ್ಲಿ ಗೂಟ ಹೆರೆಯತೊಡಗಿದರು. ಅವನು ಶಾಲೆಯಿಂದ ಬಂದಾಗ, "ಎಷ್ಟುದ್ದ ಬೇಕೋ?" ಅಂದರು. ಅವನು ನೋಡಿ ಒಳಗೆ ಹೋದ. ಮಾರನೇ ದಿನವೂ ಅದೇ ಕೇಳಿದರು. "ಎರಡು ಗೇಣು" ಅಂದ. ಮೂರನೇ ದಿನ ಇವರ ಕೈಯಿಂದ ಕತ್ತಿ ತೆಗೆದುಕೊಂಡು, "ಇಷ್ಟು ಚೂಪು ಸಾಲದು ಮಾವ, ಶೇಡಿಗೆ ಇಳಿಯಲ್ಲ" ಅಂತ ಅವನೇ ಕೂತ. ಈಗ ಒಂಬತ್ತು ಗೂಟ ಇವೆ. ನೋಟ್‌ಬುಕ್ಕಿನಲ್ಲಿ ದಿನಾ ಅಳತೆ ಬರೆಯುತ್ತಾರೆ. ಆಶ್ಲೇಷ ಮಳೆಯಲ್ಲಿ ನಾಲ್ಕನೇ ಗೂಟದ ಹತ್ತಿರ ಅರ್ಧ ಇಂಚು ಜಾಸ್ತಿಯಾಯಿತು, ಆಮೇಲೆ ನಿಂತಿದೆ.

ರಾತ್ರಿ ಇವರೂ ಜೊತೆಗೆ ಹೋಗುತ್ತಾರೆ. ಅಜ್ಜನ ತಿಗಣೆ ಕಥೆ ಓದಿ ಹೇಳಿದ್ದೆ, ಅದರ ಪ್ರಭಾವ ಇರಬೇಕು, ಒಪ್ಪಿಕೊಳ್ಳುವುದಿಲ್ಲ. ಅಂಥ ಒಂದು ರಾತ್ರಿ ಧರೆ ಮೇಲೆ ನಿಂತು ಅವನೇ ಹೇಳಿದನಂತೆ, ಅವರ ಮನೆ ಗುಡ್ಡದಲ್ಲೂ ಬಿರುಕಿತ್ತು, ಅದಕ್ಕೂ ಒಂದು ವಾರ ಮೊದಲು ಹುಲ್ಲಿಗೆ ಹೋದಾಗ ನೋಡಿದ್ದೆ, ಅಂತ. "ದಾಟಿಕೊಂಡು ಹೋಗಿದ್ದೆ ಮಾವ. ಯಾರಿಗೂ ಹೇಳಲಿಲ್ಲ." ಇವರು ಬಂದು ನನಗೆ ಇಷ್ಟೇ ಹೇಳಿ ಮುಸುಕು ಹಾಕಿ ಮಲಗಿದರು. ನಿದ್ದೆ ಮಾಡಲಿಲ್ಲ ಅಂತ ಗೊತ್ತು.

ಇದು ನಮ್ಮ ಕೈಯಲ್ಲಿ ಆಗುವ ವಿಷಯ ಅಲ್ಲ ಅಂತ ಅವತ್ತು ಅನ್ನಿಸಿತು. ಮೇಷ್ಟ್ರು ಹೇಳಿದ 14416ಕ್ಕೆ ನಾನೇ ಮಾಡಿದೆ, ಅರ್ಧ ಗಂಟೆ ಬರೀ ನನ್ನ ಅಳುವೇ ಆಯಿತು. ಎರಡು ಸಲ ಶಿವಮೊಗ್ಗಕ್ಕೆ ಹೋಗಿ ಬಂದಿದ್ದೇವೆ. ಡಾಕ್ಟರ ಹತ್ತಿರ ಮೊದಲ ಸಲ ಒಂದು ಮಾತೂ ಆಡಲಿಲ್ಲ, ಎರಡನೇ ಸಲ ನನ್ನನ್ನು ಹೊರಗೆ ಕಳಿಸಿ ಮುಕ್ಕಾಲು ಗಂಟೆ ಕೂತಿದ್ದ. ಏನು ಹೇಳಿದ ಅಂತ ನಾನು ಕೇಳಿಲ್ಲ.

ಎಲ್ಲ ಸರಿಯಾಯಿತು ಅಂತ ಅಂದುಕೊಳ್ಳಬೇಡಿ. ಗಣಿತದಲ್ಲಿ ಇಪ್ಪತ್ತಕ್ಕೆ ನಾಲ್ಕು. ಹೋದ ವಾರ ಮತ್ತೆ ಒಬ್ಬನಿಗೆ ಹೊಡೆದಿದ್ದಾನೆ. ಅತ್ತೆ ಈಗಲೂ ಅವನ ಮುಖ ನೋಡುವುದಿಲ್ಲ, ಆದರೆ ಹಲಸಿನ ಬೀಜ ಸುಟ್ಟಾಗ ಅವನ ಪಾಲು ಸೆರಗಲ್ಲಿ ಕಟ್ಟಿಟ್ಟಿರುತ್ತಾರೆ. ವಕೀಲರು ಹೇಳಿದಂತೆ ಪೋಷಕತ್ವದ ವಿಷಯ ಅವನನ್ನೇ ಕೇಳಿದೆವು. "ಅಪ್ಪನ ಹೆಸರು ಹಾಗೇ ಇರ್ತದಾ?" ಅಂದ. ಇರುತ್ತದೆ ಅಂದೆ. ಸರಿ ಅಂದ. ಊರಿಗೆ ಮಳೆ ಕಳೆದ ಮೇಲೆ ಹ್ವಾಪ ಅಂತ ಇವರು ಹೇಳಿದ್ದಾರೆ, ಅದಕ್ಕೆ ಅವನು ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ.

ಚೀಲ? ಅದು ಇನ್ನೂ ಹಾಗೇ ಇದೆ. ಕಪಾಟೂ ಖಾಲಿ. ಮೊನ್ನೆ ಅತ್ತೆಯ ಬಿ.ಪಿ. ಮಾತ್ರೆ ಒಂದು ಶೀಟು ಕಾಣಲಿಲ್ಲ, ಮನೆಯೆಲ್ಲ ಹುಡುಕಿದೆ. ಅವನು ನೋಡಿ ನೋಡಿ, ಎದ್ದು ಹೋಗಿ ಚೀಲ ತಂದು ಜಿಪ್ ತೆಗೆದ. ಮಾತ್ರೆ ಅದರಲ್ಲಿತ್ತು. ಮಗಳ ಎರಡು ಫ್ರಾಕು, ಅವಳ ಸ್ವೆಟರು, ಟಾರ್ಚಿನ ಸೆಲ್ಲು, ನಮ್ಮ ಪಹಣಿ ಆಧಾರ್ ಎಲ್ಲದರ ಜೆರಾಕ್ಸು ಪ್ಲಾಸ್ಟಿಕ್ ಕವರಿನಲ್ಲಿ, ಒಂದು ಡಬ್ಬಿ ಅವಲಕ್ಕಿ, ಬೆಲ್ಲ, ಇವರ ಹಳೇ ಪಂಚೆ. ಅವನ ಬಟ್ಟೆ ಎರಡೇ ಜೊತೆ, ಅಡಿಯಲ್ಲಿ.

ನನಗೆ ಏನು ಹೇಳಬೇಕೋ ತೋಚಲಿಲ್ಲ. "ನಂದೇನೂ ಇಲ್ವಲ್ಲೋ" ಅಂದೆ, ತಮಾಷೆಗೆ.

"ನಿಮ್ಮ ಕನ್ನಡಕ ದಿನಾ ಒಂದೊಂದು ಕಡೆ ಇಡ್ತೀರಿ ಅತ್ತೆ, ಎಲ್ಲಿಂದ ತಗೊಳ್ಲಿ?" ಅಂದ. ಸಿಟ್ಟಲ್ಲೇ.

ಜಗಲಿ ಕಂಬಕ್ಕೆ ಒಂದು ಮೊಳೆ ಹೊಡೆಸಿ ಈಗ ಕನ್ನಡಕ ಅಲ್ಲಿ ನೇತುಹಾಕುತ್ತಿದ್ದೇನೆ. ಮಘೆ ಮಳೆ ಹಿಡಿದಿದೆ, ಕರೆಂಟ್ ಹೋಗುವ ಮೊದಲು ಪೋಸ್ಟ್ ಮಾಡುತ್ತೇನೆ.